ಕೊನೆಯವರು ಕೆಳಗಿಳಿಯದ ಆಟ

ಪುಣೆಯಿಂದ ಸಾತಾರದ ಕಡೆ ಹೊರಟ ಬಸ್ಸಿನಿಂದ ಕಾಪೂರಹೋಳದಲ್ಲಿ ಇಳಿದರೆ ಎರಡು ದಾರಿ. ಬಲಕ್ಕೆ ಹೋದರೆ ಭೋರ್. ಪಂತಸಚಿವರ ಹಳೆಯ ಸಂಸ್ಥಾನ, ಸಿನಿಮಾದವರು ಮತ್ತೆ ಮತ್ತೆ ಬಂದು ಚಿತ್ರೀಕರಿಸುವ ಮರದ ಕಂಬಗಳ ಅರಮನೆ, ಭಾಟಘರ್ ಅಣೆಕಟ್ಟಿನ ಹಿನ್ನೀರು, ಇಪ್ಪತ್ತು ಸಾವಿರಕ್ಕೂ ಕಡಿಮೆ ಜನರ ಪೇಟೆ. (ರೈಲಿನವರು ಹೇಳುವ ಭೋರ್ ಘಾಟ್ ಇದಲ್ಲ. ಅದು ಖಂಡಾಲದ ಹತ್ತಿರ, ಬೇರೆಯೇ ಜಾಗ.) ಎಡಕ್ಕೆ ನಾರಾಯಣಪುರದ ರಸ್ತೆ ಹಿಡಿದರೆ ಸ್ವಲ್ಪ ದೂರದಲ್ಲೇ ಕೇತಕಾವಳೆಯ ಬಾಲಾಜಿ ದೇವಸ್ಥಾನ. ತಿರುಪತಿಯ ಪಡಿಯಚ್ಚು. ಅದೇ ಗೋಪುರ, ಅದೇ ಸಾಲು, ಅದೇ ಲಡ್ಡು. ತಿರುಪತಿಯವರೆಗೆ ಹೋಗಲಾಗದ ಪುಣೆಯ ತೆಲುಗರು, ಕನ್ನಡಿಗರು ಶನಿವಾರ ಬೆಳಿಗ್ಗೆ ಇಲ್ಲಿ ಕೈಮುಗಿದು, ಮಧ್ಯಾಹ್ನಕ್ಕೆ ಭೋರಿನ ಕಡೆ ಸುತ್ತಾಡಿ ಮನೆ ಸೇರುತ್ತಾರೆ.

ಈ ದೇವಸ್ಥಾನ ಕಟ್ಟಿಸಿದ್ದು ವೆಂಕಟೇಶ್ವರ ಹ್ಯಾಚರೀಸ್, ಅಂದರೆ ಕೋಳಿ ಉದ್ಯಮದ ವೆಂಕೀಸ್. ಇಲ್ಲಿ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನರಿಗೆ ಗೊತ್ತೋ ಏನೋ, ಇಂಗ್ಲೆಂಡಿನ ಎರಡನೇ ದರ್ಜೆಯ ಫುಟ್‌ಬಾಲ್ ಲೀಗಿನಲ್ಲಿ ಆಡುವ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬಿನ ಮಾಲೀಕರೂ ಇವರೇ. ಭೋರಿನ ಮೈದಾನದಲ್ಲಿ ಸಂಜೆಯಾದರೆ ಟೆನಿಸ್ ಬಾಲ್ ಕ್ರಿಕೆಟ್ಟಿನದ್ದೇ ದರ್ಬಾರು. ಆದರೂ ಎರಡನೇ ದರ್ಜೆ ಫುಟ್‌ಬಾಲಿನ ಸುಖದುಃಖ ಅರಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇನ್ನೊಂದಿಲ್ಲ. ಏಕೆಂದರೆ ಪುಣೆಯ ದುಡ್ಡು ಈ ಆಟಕ್ಕೆ ಎರಡು ದಾರಿಯಲ್ಲಿ ಹರಿದಿದೆ. ಇಂಗ್ಲೆಂಡಿಗೆ ಹೋದ ದುಡ್ಡಿಗೆ ಅಂಕಪಟ್ಟಿ ಕಿಂಚಿತ್ತೂ ಮರ್ಯಾದೆ ಕೊಡಲಿಲ್ಲ. ಊರಲ್ಲೇ ಉಳಿದ ದುಡ್ಡಿನ ಮುಂದೆ ಅಂಕಪಟ್ಟಿಯೇ ತಲೆತಗ್ಗಿಸಿ ನಿಂತಿತು.

ಮೊದಲು ಇಂಗ್ಲೆಂಡಿನ ಕಥೆ. 2010ರ ನವೆಂಬರ್‌ನಲ್ಲಿ ವೆಂಕೀಸ್ ಸುಮಾರು 2.3 ಕೋಟಿ ಪೌಂಡ್ ಕೊಟ್ಟು ಬ್ಲ್ಯಾಕ್‌ಬರ್ನ್ ರೋವರ್ಸ್ ಕೊಂಡಿತು. ಆಗ ಅದು ಪ್ರೀಮಿಯರ್ ಲೀಗಿನಲ್ಲಿತ್ತು, 1994–95ರಲ್ಲಿ ಚಾಂಪಿಯನ್ನೂ ಆಗಿತ್ತು. ಕೊಂಡ ಮರುತಿಂಗಳೇ ಅನುಭವಿ ಮ್ಯಾನೇಜರ್ ಸ್ಯಾಮ್ ಅಲಾರ್ಡೈಸ್‌ಗೆ ಬಾಗಿಲು ತೋರಿಸಿದರು. 2011ರ ಅಕ್ಟೋಬರ್‌ನಲ್ಲಿ ತಂಡವನ್ನು ಪುಣೆಗೇ ಕರೆಸಿ, ಬಾಲೇವಾಡಿ ಕ್ರೀಡಾಂಗಣದಲ್ಲಿ ಊರಿನ ಪುಣೆ ಎಫ್‌ಸಿ ಜೊತೆ ಸ್ನೇಹಪಂದ್ಯ ಆಡಿಸಿದರು. ಬ್ಲ್ಯಾಕ್‌ಬರ್ನ್ 3–0 ಗೆದ್ದಿತು. ಆಟಗಾರರು ಕೋಳಿಕಾಲು ಕಚ್ಚುವ ಜಾಹೀರಾತೂ ಬಂತು. ಅಲ್ಲಿಯ ಅಭಿಮಾನಿಗಳು ಅದನ್ನು ಇವತ್ತಿಗೂ ಕ್ಷಮಿಸಿಲ್ಲ. ಆ ಸೀಸನ್ ಮುಗಿಯುವ ಹೊತ್ತಿಗೆ ತಂಡ ಪಟ್ಟಿಯ ತಳಕ್ಕೆ ಜಾರಿತ್ತು. 2012ರ ಮೇ 7ರಂದು ತವರು ಮೈದಾನದಲ್ಲಿ ವಿಗನ್ ವಿರುದ್ಧ 0–1ರಿಂದ ಸೋತು ಪ್ರೀಮಿಯರ್ ಲೀಗಿನಿಂದ ಹೊರಬಿತ್ತು. ಆ ಪಂದ್ಯದ ನಡುವೆ ಯಾರೋ ಅಭಿಮಾನಿ ಜೀವಂತ ಕೋಳಿಯೊಂದಕ್ಕೆ ಕ್ಲಬ್ಬಿನ ಬಾವುಟ ಹೊದಿಸಿ ಮೈದಾನಕ್ಕೆ ಬಿಟ್ಟಿದ್ದ. ಅದನ್ನು ಹಿಡಿಯಲು ಆಟಗಾರರೇ ಓಡಬೇಕಾಯಿತು.

ಅಲ್ಲಿಂದ ಶುರುವಾಯಿತು ಎರಡನೇ ದರ್ಜೆಯ ವನವಾಸ. ಇಂಗ್ಲೆಂಡಿನ ಈ ಲೀಗಿನ ಹೆಸರು ಚಾಂಪಿಯನ್‌ಶಿಪ್. 24 ತಂಡ, ಒಂದೊಂದಕ್ಕೂ 46 ಪಂದ್ಯ. ಆಗಸ್ಟಿನಿಂದ ಮೇವರೆಗೆ ಮಳೆ, ಹಿಮ, ಕೆಸರು ಯಾವುದಕ್ಕೂ ಬಿಡುವಿಲ್ಲ. ಮೇಲಿನ ಇಬ್ಬರು ನೇರ ಬಡ್ತಿ ಪಡೆಯುತ್ತಾರೆ, ಮೂರರಿಂದ ಆರರವರೆಗಿನ ನಾಲ್ವರು ಉಳಿದ ಒಂದು ಜಾಗಕ್ಕಾಗಿ ಹೊಡೆದಾಡುತ್ತಾರೆ, ಕೆಳಗಿನ ಮೂವರು ಮೂರನೇ ದರ್ಜೆಗೆ ಬೀಳುತ್ತಾರೆ. ಬ್ಲ್ಯಾಕ್‌ಬರ್ನ್‌ನ ಮೊದಲ ವರ್ಷವೇ ಗೊಂದಲದ ಗೂಡು. 2012ರ ಸೆಪ್ಟೆಂಬರ್‌ನಲ್ಲಿ ಮ್ಯಾನೇಜರ್ ಸ್ಟೀವ್ ಕೀನ್ ಹೋದರು. ಆಮೇಲೆ ಬಂದ ಹೆನ್ನಿಂಗ್ ಬರ್ಗ್ ಉಳಿದದ್ದು 57 ದಿನ, ಮೈಕಲ್ ಆಪಲ್ಟನ್ 67 ದಿನ. ಬಾಡಿಗೆ ಮನೆಗೆ ಸಾಮಾನು ಇಳಿಸಿ ಮುಗಿಯುವ ಮೊದಲೇ ಖಾಲಿ ಮಾಡಿದಂತೆ.

2017ರಲ್ಲಿ ಇನ್ನೂ ಕೆಳಗೆ. ಕೊನೆಯ ದಿನ ಬ್ರೆಂಟ್‌ಫರ್ಡ್ ಮೈದಾನದಲ್ಲಿ 3–1ರಿಂದ ಗೆದ್ದರೂ ಉಳಿಯಲಿಲ್ಲ. ನಾಟಿಂಗ್‌ಹ್ಯಾಮ್ ಫಾರೆಸ್ಟಿಗೂ ಇವರಿಗೂ ಅಂಕ ಸಮ, 51. ಫಾರೆಸ್ಟ್ ಉಳಿದದ್ದು ಗೋಲು ವ್ಯತ್ಯಾಸದಲ್ಲಿ. ಒಂದು ಕಾಲದ ಪ್ರೀಮಿಯರ್ ಲೀಗ್ ಚಾಂಪಿಯನ್ ಮೂರನೇ ದರ್ಜೆಗೆ ಇಳಿಯಿತು. ಮಾಲೀಕರ ಬಳಿ ಹಣ ಇರಲಿಲ್ಲವೇ? ಇತ್ತು. ವರ್ಷ ವರ್ಷ ಪುಣೆಯಿಂದ ಕೋಟಿಗಟ್ಟಲೆ ಹೋಗುತ್ತಲೇ ಇತ್ತು. ಆದರೆ ಆ ಹಣಕ್ಕೆ ಒಂದು ಗೋಲಿನ ವ್ಯತ್ಯಾಸವನ್ನೂ ಕೊಳ್ಳುವ ಶಕ್ತಿ ಇರಲಿಲ್ಲ. ಮರುವರ್ಷವೇ ಎರಡನೇ ಸ್ಥಾನ ಗಳಿಸಿ ಮೇಲೆ ಬಂದರು. 2022–23ರಲ್ಲಿ ಏಳನೇ ಸ್ಥಾನ. ಆರನೆಯ ಸಂಡರ್ಲೆಂಡಿಗೂ 69, ಇವರಿಗೂ 69, ಮತ್ತೆ ಗೋಲು ವ್ಯತ್ಯಾಸವೇ ಬಾಗಿಲು ಹಾಕಿತು. ಅದಾದ ಮೇಲೆ ಭಾರತದಿಂದ ಕ್ಲಬ್ಬಿಗೆ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಬೇಕಾಗುವ ಸ್ಥಿತಿಯೂ ಬಂತು. ಬ್ಲ್ಯಾಕ್‌ಬರ್ನ್‌ನ ಅಭಿಮಾನಿಗಳು ವೆಂಕೀಸ್ ಮೇಲೆ ಹೇಳುವ ದೂರು ಉದ್ದದ್ದು, ಅದರಲ್ಲಿ ಬಹುಪಾಲು ನ್ಯಾಯವಾದದ್ದೇ. ಆದರೆ ಅಂಕಪಟ್ಟಿ ಮೋಸ ಮಾಡಿತು ಎನ್ನುವ ದೂರು ಅದರಲ್ಲಿ ಇಲ್ಲ.

ಇನ್ನು ಊರಿನ ಕಥೆ. ಕಾಪೂರಹೋಳದಿಂದ ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಪುಣೆಯ ಹೊರವಲಯದಲ್ಲಿ ಬಾಲೇವಾಡಿ ಕ್ರೀಡಾ ಸಂಕೀರ್ಣ. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಸ್ಲೀಪರ್ ಬಸ್ಸಿನವರೂ ಕಿಟಕಿಯಿಂದ ನೋಡಿರುವ ಜಾಗ. ಇಲ್ಲಿ ಮೊದಲು ಬೇರು ಬಿಟ್ಟದ್ದು ಪುಣೆ ಎಫ್‌ಸಿ. ಅಶೋಕ್ ಪಿರಾಮಲ್ ಸಮೂಹ 2007ರಲ್ಲಿ ಕಟ್ಟಿದ ತಂಡ. ಅದು ಎರಡನೇ ದರ್ಜೆಯಲ್ಲಿ ಬೆವರು ಸುರಿಸಿ, 2009ರಲ್ಲಿ ಸಾಲ್ಗಾಂವ್ಕರ್, ವಿವಾ ಕೇರಳ, ಶಿಲ್ಲಾಂಗ್ ಲಾಜಾಂಗ್ ಜೊತೆ ಆಗ ದೇಶದ ಮೊದಲ ದರ್ಜೆಯಾಗಿದ್ದ ಐ–ಲೀಗಿಗೆ ಬಡ್ತಿ ಪಡೆಯಿತು. ಮೇಲೆ ಬಂದ ಮೊದಲ ಸೀಸನ್ನಿನಲ್ಲೇ ಮೂರನೇ ಸ್ಥಾನ, 2012–13ರಲ್ಲಿ ಎರಡನೇ ಸ್ಥಾನ. ಎರಡನೇ ದರ್ಜೆ ಹೀಗೇ ಇರಬೇಕು: ಕೆಳಗೆ ಕಲಿ, ಗೆದ್ದು ಬಾ, ಮೇಲೆ ನಿಲ್ಲು.

ಅಷ್ಟರಲ್ಲಿ ನೇರಪ್ರವೇಶ ಎಂಬ ಹಿತ್ತಲ ಬಾಗಿಲು ತೆರೆದಿತ್ತು. ದೊಡ್ಡ ಕಂಪನಿ ಶುಲ್ಕ ಕಟ್ಟಿ ಹೊಸ ತಂಡ ಕಟ್ಟಿದರೆ ಎರಡನೇ ದರ್ಜೆಯ ಹಂಗಿಲ್ಲ, ಸೀದಾ ಐ–ಲೀಗಿಗೆ ಬರಬಹುದು. ಅದರ ಜೊತೆಗೊಂದು ವಿಶೇಷ ಸವಲತ್ತು, ಶುರುವಿನಲ್ಲಿ ಹಿಂಬಡ್ತಿಯಿಂದ ವಿನಾಯಿತಿ. ಕೊನೆಯ ಸ್ಥಾನ ಬಂದರೂ ಇಳಿಯಬೇಕಿಲ್ಲ.

ಕಲ್ಯಾಣಿ ಸಮೂಹದ ಭಾರತ್ ಎಫ್‌ಸಿ ಹೀಗೆ 2014–15ರಲ್ಲಿ ಬಂತು. ಹನ್ನೊಂದು ತಂಡಗಳಲ್ಲಿ ಹನ್ನೊಂದನೆಯದಾಯಿತು. ವಿನಾಯಿತಿ ಇತ್ತಲ್ಲ, ಹಾಗಾಗಿ ಇಳಿದದ್ದು ಅದರ ಮೇಲಿದ್ದ ಗೋವಾದ ಡೆಂಪೊ. ಐದು ಸಲ ರಾಷ್ಟ್ರೀಯ ಲೀಗ್ ಗೆದ್ದ ಡೆಂಪೊ! ಭಾರತ್ ಎಫ್‌ಸಿ ಆ ಋಣವನ್ನಾದರೂ ತೀರಿಸಿತೇ ಎಂದರೆ, ಒಂದೇ ಸೀಸನ್ ಆಡಿ ಅಂಗಡಿ ಮುಚ್ಚಿತು. ಅದೇ ಬೇಸಿಗೆಯಲ್ಲಿ ಪುಣೆ ಎಫ್‌ಸಿಯೂ ಹಿಂದೆ ಸರಿಯಿತು. ಬೆವರಿನಿಂದ ಬಂದವರೂ ಹೋದರು, ಶುಲ್ಕದಿಂದ ಬಂದವರೂ ಹೋದರು.

ಮರುವರ್ಷ ಪುಣೆಯಿಂದಲೇ ಡಿಎಸ್‌ಕೆ ಶಿವಾಜಿಯನ್ಸ್. ಇದು 1980ರ ದಶಕದಿಂದ ಊರಿನಲ್ಲಿದ್ದ ಹಳೆಯ ಕ್ಲಬ್ಬು. ಎರಡನೇ ದರ್ಜೆಯಲ್ಲಿ ಆಡಿಯೂ ಆಡಿತ್ತು. ಆದರೆ ಐ–ಲೀಗಿಗೆ ಬಂದದ್ದು ನೇರಪ್ರವೇಶದಿಂದ. 2015–16ರಲ್ಲಿ ಒಂಬತ್ತು ತಂಡಗಳಲ್ಲಿ ಒಂಬತ್ತನೆಯದು. ಈ ಸಲವೂ ವಿನಾಯಿತಿ. ಈ ಸಲ ಇಳಿಯಬೇಕಾದದ್ದು ಎಂಟನೆಯ ಐಜ್ವಾಲ್ ಎಫ್‌ಸಿ, ಮಿಜೋರಾಂನ ಗುಡ್ಡದ ಮೇಲಿನ ತಂಡ.

ಈ ಲೆಕ್ಕವನ್ನು ಹೆದ್ದಾರಿಯ ಪಕ್ಕದ ಕುಂದಾಪುರದವರೊಬ್ಬರ ಹೋಟೆಲಿನಲ್ಲಿ ಚಹಾ ಕುಡಿಯುತ್ತ ವಿವರಿಸಿದೆ. ಅವರು ಗಲ್ಲಾದಲ್ಲಿ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ಕೇಳಿದರು: “ಅಲ್ಲ ಮಾರಾಯ್ರೆ, ಲಾಸ್ಟ್ ಬಂದವ ಪಾಸು, ಅವನಿಗಿಂತ ಮಾರ್ಕು ಜಾಸ್ತಿ ತಗೊಂಡವ ಫೇಲು? ಇದೆಂತ ಶಾಲೆ?” ಸಂಘಟಕರ ಬಳಿಯೂ ಇದಕ್ಕೆ ಸರಿಯಾದ ಉತ್ತರ ಇದ್ದಂತಿಲ್ಲ. ಇದ್ದದ್ದು ಒಂದೇ ವಾದ: ಹೂಡಿಕೆದಾರರಿಗೆ ಧೈರ್ಯ ಬರಬೇಕು, ಮೊದಲ ವರ್ಷವೇ ಬಿದ್ದರೆ ಯಾರು ದುಡ್ಡು ಹಾಕುತ್ತಾರೆ? ಕೇಳಲು ಸರಿಯೆನಿಸುತ್ತದೆ. ಆದರೆ ಬೀಳುವ ಭಯವಿಲ್ಲದವನಿಗೆ ಉಳಿಯುವ ಹಟವೂ ಇರುವುದಿಲ್ಲ. ಭಾರತ್ ಎಫ್‌ಸಿ ಒಂದು ಸೀಸನ್ ಬಾಳಿತು, ಶಿವಾಜಿಯನ್ಸ್ ಎರಡು.

ಐಜ್ವಾಲ್ ಕಥೆ ಅಲ್ಲಿಗೇ ಮುಗಿಯಲಿಲ್ಲ. ಇಳಿದಿದ್ದ ಡೆಂಪೊ 2016ರಲ್ಲಿ ಎರಡನೇ ದರ್ಜೆ ಗೆದ್ದು ಬಡ್ತಿ ಸಂಪಾದಿಸಿತು. ಆದರೆ ಫ್ರಾಂಚೈಸಿಗಳ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಕಡೆಗೆ ಬಾಗಿಲಿಲ್ಲದ ಲೀಗಿನಲ್ಲಿ ಆಡಿ ಏನು ಪ್ರಯೋಜನ ಎಂದು ಗೋವಾದ ಮೂರು ಕ್ಲಬ್ಬುಗಳು, ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಗೋವಾ, ಹಿಂದೆ ಸರಿದವು. ಗೆದ್ದು ಬಂದವರು ಹೊಸ್ತಿಲಲ್ಲೇ ತಿರುಗಿ ಹೋದರು, ಸೋತು ಹೋದವರಿಗೆ ಕರೆ ಬಂತು. ಐಜ್ವಾಲ್ ಮರಳಿ ಬಂದು, ಖಾಲಿದ್ ಜಮೀಲ್ ಎಂಬ ಕೋಚ್ ಕೈಯಲ್ಲಿ 2017ರ ಏಪ್ರಿಲ್ 30ರಂದು ಇಡೀ ಐ–ಲೀಗನ್ನೇ ಗೆದ್ದಿತು. ಈಶಾನ್ಯ ಭಾರತದ ಮೊದಲ ಚಾಂಪಿಯನ್. ಪ್ರತಿಫಲವಾಗಿ ಐಎಸ್‌ಎಲ್‌ನಲ್ಲಿ ಜಾಗ ಸಿಕ್ಕಿತೇ? ಸಿಗಲಿಲ್ಲ. ಅಲ್ಲಿ ಕೂರಲು ಫ್ರಾಂಚೈಸಿ ಶುಲ್ಕ ಬೇಕಿತ್ತು. ಅದೇ ಜಮೀಲ್ 2025ರಲ್ಲಿ ಭಾರತ ತಂಡದ ಕೋಚ್ ಆದರು.

ಹಿತ್ತಲ ಬಾಗಿಲನ್ನು ಪುಣೆಯವರೊಬ್ಬರೇ ಬಳಸಿದರು ಎಂದರೆ ಅನ್ಯಾಯವಾದೀತು. ನಮ್ಮ ಬೆಂಗಳೂರು ಎಫ್‌ಸಿ 2013ರಲ್ಲಿ ಬಂದದ್ದೂ ಜೆಎಸ್‌ಡಬ್ಲ್ಯು ದುಡ್ಡಿನ ನೇರಪ್ರವೇಶದಿಂದಲೇ. ವ್ಯತ್ಯಾಸವೆಂದರೆ ಆ್ಯಶ್ಲೆ ವೆಸ್ಟ್‌ವುಡ್ ಕೋಚ್ ಆಗಿದ್ದ ತಂಡ ಮೊದಲ ಸೀಸನ್ನಿನಲ್ಲೇ ಚಾಂಪಿಯನ್ ಆಯಿತು, ವಿನಾಯಿತಿಯ ಪ್ರಶ್ನೆಯೇ ಏಳಲಿಲ್ಲ. ಆದರೆ ಅದೇ 2013ರಲ್ಲಿ ಇನ್ನೊಂದು ಬಾಗಿಲು ಮುಚ್ಚಿತ್ತು. ಏಷ್ಯನ್ ಒಕ್ಕೂಟದ ಪರವಾನಗಿ ನಿಯಮಗಳ ಪ್ರಕಾರ ಕ್ಲಬ್ಬು ಎಂದರೆ ಸ್ವತಂತ್ರ ವೃತ್ತಿಪರ ಸಂಸ್ಥೆ, ಕಂಪನಿಯ ಒಂದು ವಿಭಾಗವಲ್ಲ. ಆ ಕಾರಣಕ್ಕೆ ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳನ್ನು ಐ–ಲೀಗಿನಿಂದ ಕೈಬಿಟ್ಟರು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್) ಕೂಡ ಅದೇ ಜಾತಿಯ ತಂಡ. 2010ರಲ್ಲಿ ಎರಡನೇ ದರ್ಜೆಯಿಂದ ಒಎನ್‌ಜಿಸಿ ಜೊತೆ ಮೇಲೇರಿ, ಎರಡು ಸೀಸನ್ ಹೆಣಗಾಡಿ, 2012ರಲ್ಲಿ ಇಳಿದಿತ್ತು. ಎಚ್‌ಎಎಲ್, ಐಟಿಐ ತಂಡಗಳ ಆಟಗಾರ ಬೆಳಿಗ್ಗೆ ಕಾರ್ಖಾನೆಯ ಹಾಜರಿ ಹಾಕುತ್ತಿದ್ದ, ಸಂಜೆ ಬೂಟು ಕಟ್ಟುತ್ತಿದ್ದ. ಮೊಣಕಾಲು ಮುರಿದರೂ ತಿಂಗಳ ಕೊನೆಗೆ ಸಂಬಳ, ವಯಸ್ಸಾದರೆ ಪಿಂಚಣಿ. ಹೊಸ ವ್ಯವಸ್ಥೆಯಲ್ಲಿ ಕರಾರು ಮುಗಿದ ಮೇ ತಿಂಗಳಿಂದ ಮುಂದಿನ ಕರಾರಿನವರೆಗೆ ಅವನು ಯಾರೂ ಅಲ್ಲ. ಹಳೆಯದೆಲ್ಲ ಚಿನ್ನವಾಗಿತ್ತು ಎನ್ನುತ್ತಿಲ್ಲ, ಆ ತಂಡಗಳ ಪಂದ್ಯಕ್ಕೆ ಜನ ಬರುತ್ತಿದ್ದದ್ದು ಕಡಿಮೆ. ಆದರೆ ಒಂದನ್ನು ಮುಚ್ಚುವಾಗ ಇನ್ನೊಂದರಲ್ಲಿ ಆ ಭದ್ರತೆಗೆ ಬದಲಿ ಏನು ಎಂದು ಯಾರೂ ಕೇಳಲಿಲ್ಲ.

ಈಗ ಬಲ್ಗೇರಿಯಾ ಕಡೆ ಒಮ್ಮೆ ಹೋಗಿಬರೋಣ. ಬ್ಲ್ಯಾಕ್‌ಬರ್ನ್ ಕಥೆಗೆ ಅಲ್ಲೊಂದು ವಿಚಿತ್ರ ಜೋಡಿ ಇದೆ. ವೆಂಕೀಸ್ ಬ್ಲ್ಯಾಕ್‌ಬರ್ನ್ ಕೊಂಡ 2010ರಲ್ಲೇ, ಕೆಲವೇ ವಾರ ಮೊದಲು, ಕಿರಿಲ್ ದೊಮುಸ್ಚಿಯೆವ್ ಎಂಬ ಉದ್ಯಮಿ ಬಲ್ಗೇರಿಯಾದ ಎರಡನೇ ದರ್ಜೆಯ ಲುದೊಗೊರೆಟ್ಸ್ ಕ್ಲಬ್ಬನ್ನು ಕೊಂಡರು. ಅವರ ಕಂಪನಿ ಹ್ಯೂವೆಫಾರ್ಮಾ ಮಾಡುವುದೂ ಕೋಳಿ–ಜಾನುವಾರುಗಳ ಔಷಧಿ, ಮೇವಿನ ಪೂರಕ. ಅದಕ್ಕೆ ಪುಣೆಯಲ್ಲೂ ಕಚೇರಿಯಿದೆ! ಕ್ಲಬ್ಬಿನ ಊರು ರಜ್‌ಗ್ರಾದ್, ಈಶಾನ್ಯ ಬಲ್ಗೇರಿಯಾದ ಮೂವತ್ತು ಸಾವಿರ ಜನರ ಪಟ್ಟಣ. ಭೋರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ದೊಮುಸ್ಚಿಯೆವ್‌ಗೆ ಯಾರೂ ಮೇಲಿನ ದರ್ಜೆಯಲ್ಲಿ ಕುರ್ಚಿ ಹಾಕಿ ಕೊಡಲಿಲ್ಲ. ತಂಡ 2010–11ರ ಸೀಸನ್ನನ್ನು ಎರಡನೇ ದರ್ಜೆಯಲ್ಲೇ ಆಡಿತು. ಬಲ್ಗೇರಿಯಾದಲ್ಲಿ ಸೀಸನ್ ಬೇಸಿಗೆಯಲ್ಲಿ ಶುರುವಾಗಿ, ಡಿಸೆಂಬರಿನಲ್ಲಿ ಹಿಮಕ್ಕೆ ನಿಂತು, ಫೆಬ್ರುವರಿಯಲ್ಲಿ ಮತ್ತೆ ಎದ್ದು ಮೇ ಕೊನೆಗೆ ಮುಗಿಯುತ್ತದೆ. ನಮ್ಮಲ್ಲಿ ಮಳೆ ಆಟವನ್ನು ತಡೆಯುವಂತೆ ಅಲ್ಲಿ ಚಳಿ ತಡೆಯುತ್ತದೆ. ಲುದೊಗೊರೆಟ್ಸ್ ಗುಂಪಿನಲ್ಲಿ ಮೊದಲ ಸ್ಥಾನ ಪಡೆದು ಮೇಲೇರಿತು. ಮೇಲೇರಿದ ಮೊದಲ ವರ್ಷವೇ, 2011–12ರಲ್ಲಿ, ಲೀಗನ್ನೂ ಗೆದ್ದಿತು, ದೇಶದ ಕಪ್ಪನ್ನೂ ಗೆದ್ದಿತು. ಅಲ್ಲಿಂದ 2025ರವರೆಗೆ ಸತತ ಹದಿನಾಲ್ಕು ಪ್ರಶಸ್ತಿ. 2014ರ ಆಗಸ್ಟಿನಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತೆಗಾಗಿ ರೊಮೇನಿಯಾದ ಸ್ಟೆವಾ ವಿರುದ್ಧ ಪಂದ್ಯ. ಹೆಚ್ಚುವರಿ ಸಮಯದ ಕೊನೆಯಲ್ಲಿ ಗೋಲ್‌ಕೀಪರ್‌ಗೆ ಕೆಂಪು ಕಾರ್ಡ್, ಬದಲಿ ಆಟಗಾರರ ಲೆಕ್ಕ ಮುಗಿದಿದೆ. ಡಿಫೆಂಡರ್ ಕೊಸ್ಮಿನ್ ಮೊತ್ಸಿ ಕೈಗವಸು ತೊಟ್ಟು ಗೋಲಿನಲ್ಲಿ ನಿಂತ. ಮೊದಲ ಪೆನಾಲ್ಟಿ ತಾನೇ ಹೊಡೆದ, ಆಮೇಲೆ ಎದುರಾಳಿಗಳ ಎರಡನ್ನು ತಡೆದ. ಮೂರು ವರ್ಷ ಹಿಂದೆ ಎರಡನೇ ದರ್ಜೆಯಲ್ಲಿದ್ದ ತಂಡ ಆ ವರ್ಷ ರಿಯಲ್ ಮ್ಯಾಡ್ರಿಡ್, ಲಿವರ್‌ಪೂಲ್ ಇದ್ದ ಗುಂಪಿನಲ್ಲಿ ಆಡಿತು.

ಬಲ್ಗೇರಿಯಾ ಸ್ವರ್ಗವೇನಲ್ಲ. 2015ರ ಡಿಸೆಂಬರ್‌ನಲ್ಲಿ ಲೊವೆಚ್ ಪಟ್ಟಣದ ಲಿಟೆಕ್ಸ್ ತಂಡ ಲೆವ್ಸ್ಕಿ ವಿರುದ್ಧದ ಪಂದ್ಯದ ನಡುವೆ ಮೈದಾನ ಬಿಟ್ಟು ನಡೆದದ್ದಕ್ಕೆ ಮೊದಲ ದರ್ಜೆಯಿಂದ ಉಚ್ಚಾಟನೆಯಾಯಿತು. ದೇಶದ ದೈತ್ಯ ತಂಡ ಸಿಎಸ್‌ಕೆಎ ಸೋಫಿಯಾ ಆ ವೇಳೆಗೆ ಸಾಲದಿಂದ ಮೂರನೇ ದರ್ಜೆಗೆ ದೂಡಲ್ಪಟ್ಟಿತ್ತು. ಮೂರನೇ ದರ್ಜೆಯಲ್ಲಿದ್ದುಕೊಂಡೇ 2016ರಲ್ಲಿ ಬಲ್ಗೇರಿಯಾ ಕಪ್ ಗೆದ್ದದ್ದು ರೋಮಾಂಚನ. ಆದರೆ ಮೊದಲ ದರ್ಜೆಗೆ ಮರಳಿದ್ದು ಮೆಟ್ಟಿಲು ಹತ್ತಿ ಅಲ್ಲ, ಲಿಟೆಕ್ಸ್‌ನ ಪರವಾನಗಿಯ ಮೇಲೆ. ಲೊವೆಚ್‌ನವರ ಕುರ್ಚಿ ರಾಜಧಾನಿಗೆ ಹೋಯಿತು. ಆದರೂ ಅಲ್ಲಿಯ ಮಾಮೂಲಿ ದಾರಿ ಮುಚ್ಚಿಲ್ಲ. 2003ರಲ್ಲಿ ಇಳಿದಿದ್ದ ಗೋಧಿನಾಡಿನ ದೊಬ್ರುಜಾ ತಂಡ 2025ರಲ್ಲಿ ಎರಡನೇ ದರ್ಜೆ ಗೆದ್ದು ಮೇಲೆ ಬಂತು. ಇಪ್ಪತ್ತೆರಡು ವರ್ಷ ಕಾಯಿಸಿದರೂ ಬಾಗಿಲು ಬಾಗಿಲಾಗಿಯೇ ಉಳಿದಿತ್ತು.

ಕುರ್ಚಿ ಊರೂರು ಅಲೆಯುವ ವಿಷಯದಲ್ಲಿ ನಾವೇನು ಕಡಿಮೆ? ಐಎಸ್‌ಎಲ್‌ನಲ್ಲಿ ಬಾಲೇವಾಡಿಯಲ್ಲೇ ಆಡುತ್ತಿದ್ದ ಎಫ್‌ಸಿ ಪುಣೆ ಸಿಟಿ 2019ರಲ್ಲಿ ಕಣ್ಣುಮುಚ್ಚಿತು. ಅದರ ಜಾಗಕ್ಕೆ 2019–20ರಲ್ಲಿ ಹೈದರಾಬಾದ್ ಎಫ್‌ಸಿ ಬಂದು, 2022ರಲ್ಲಿ ಚಾಂಪಿಯನ್ ಕೂಡ ಆಯಿತು. ಆಮೇಲೆ ಸಂಬಳ ಬಾಕಿ, ಆಟಗಾರರ ವಲಸೆ. 2025ರಲ್ಲಿ ಆ ತಂಡ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ದೆಲ್ಲಿ ಎಂಬ ಹೊಸ ಹೆಸರಿಟ್ಟುಕೊಂಡಿತು. ಪುಣೆಯ ಕುರ್ಚಿ ಈಗ ದೆಹಲಿಯಲ್ಲಿದೆ. ಅಲ್ಲಿಗೆ ಹೋಗಲು ಅದು ಒಂದು ಗೋಲನ್ನೂ ಹೊಡೆಯಬೇಕಾಗಲಿಲ್ಲ.

ಪಟ್ಟಿಗೆ ಮರ್ಯಾದೆ ಕೊಡುವ ಕಾಲ ನಮ್ಮಲ್ಲೂ ಬಂದಿದೆ, ತಡವಾಗಿ. 2022–23ರಿಂದ ಐ–ಲೀಗ್ ಅಧಿಕೃತವಾಗಿ ಎರಡನೇ ದರ್ಜೆಯಾಯಿತು, ಗೆದ್ದವರಿಗೆ ಐಎಸ್‌ಎಲ್‌ಗೆ ಬಡ್ತಿ. ಮೊದಲು ಪಂಜಾಬ್, ಮರುವರ್ಷ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಹತ್ತಿದವು. ಕೆಳಗಿನ ಮೆಟ್ಟಿಲು ಐ–ಲೀಗ್ 2. ಅಲ್ಲಿ ಎಫ್‌ಸಿ ಬೆಂಗಳೂರು ಯುನೈಟೆಡ್ ವರ್ಷಗಟ್ಟಲೆ ಬಾಗಿಲು ಬಡಿಯಿತು. 2021ರ ಡ್ಯುರಾಂಡ್ ಕಪ್ಪಿನಲ್ಲಿ ಸೆಮಿಫೈನಲ್ ತಲುಪಿದ ತಂಡವದು, ಐಜ್ವಾಲ್‌ನ ಆ ಜಮೀಲ್ ಕೂಡ ಅಲ್ಲೊಂದು ಸೀಸನ್ ಕೋಚ್ ಆಗಿದ್ದರು. ಆದರೆ 2024ರಲ್ಲಿ ದಾಟಿದ್ದು ಅದೇ ಊರಿನ ಹೊಸಬರಾದ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. 2023–24ರ ಐ–ಲೀಗ್ 2 ಗೆದ್ದು ಮೇಲೆ ಬಂದರು. ಜೊತೆಗೆ ಬಂದವರು ಯಾರು ಗೊತ್ತೇ? ಡೆಂಪೊ. 2015ರಲ್ಲಿ ಪುಣೆಯ ತಂಡದ ಬದಲಿಗೆ ಇಳಿದಿದ್ದ ಅದೇ ಡೆಂಪೊ.

ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರಿನವರ ತವರು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ. ಕೃತಕ ಹುಲ್ಲು. ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದಿಂದ ರಬ್ಬರಿನ ವಾಸನೆ ಮೇಲೇಳುತ್ತದೆ. ಜಾರಿ ಬಿದ್ದ ಹುಡುಗ ಎದ್ದು ನಿಂತರೆ ತೊಡೆಯ ಮೇಲೆ ತರಚು ಗಾಯ, ಸಾಕ್ಸಿನೊಳಗೆಲ್ಲ ಕಪ್ಪು ಕಾಳು. ಕಾಂಕ್ರೀಟ್ ಮೆಟ್ಟಿಲ ಮೇಲೆ ಆಸ್ಟಿನ್ ಟೌನ್, ಗೌತಮಪುರ ಕಡೆಯ ಹಿರಿಯರು ಕನ್ನಡ–ತಮಿಳು–ದಖನಿ ಬೆರೆಸಿ ಲೈನ್ಸ್‌ಮನ್‌ಗೆ ಬುದ್ಧಿ ಹೇಳುತ್ತಿರುತ್ತಾರೆ. ಈ ಗಲ್ಲಿಗಳ ಲೀಗಿನಿಂದ ಬಂದ ಹುಡುಗರೇ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷದ ನಂತರ ಸಂತೋಷ್ ಟ್ರೋಫಿಯನ್ನು ಕರ್ನಾಟಕಕ್ಕೆ ತಂದದ್ದು. ಆಟಕ್ಕೇನೂ ಕೊರತೆಯಿಲ್ಲ.

2024–25ರ ಐ–ಲೀಗಿನಲ್ಲಿ ಹನ್ನೆರಡು ತಂಡ, ತಲಾ 22 ಪಂದ್ಯ. ಬೆಂಗಳೂರಿನವರು ಕೊನೆಯ ಎರಡು ಸ್ಥಾನಗಳಿಂದ ಮೇಲೇಳಲಾಗದೆ ಡೆಲ್ಲಿ ಎಫ್‌ಸಿ ಜೊತೆ ಇಳಿದರು. ಮೇಲ್ತುದಿಯಲ್ಲಿ ಬೇರೆಯೇ ನಾಟಕ ನಡೆದಿತ್ತು. ನಾಮಧಾರಿ ತಂಡ ಅರ್ಹತೆಯಿಲ್ಲದ ಆಟಗಾರನನ್ನು ಇಳಿಸಿತೇ ಎಂಬಂಥ ತಕರಾರುಗಳ ಮೇಲೆ ಚಾಂಪಿಯನ್ ಪಟ್ಟ ಚರ್ಚಿಲ್ ಬ್ರದರ್ಸ್ ಮತ್ತು ಇಂಟರ್ ಕಾಶಿ ನಡುವೆ ಓಲಾಡಿತು. ಒಕ್ಕೂಟದ ಸಮಿತಿ ಚರ್ಚಿಲ್ ಎಂದಿತು. ಸ್ವಿಟ್ಜರ್ಲೆಂಡಿನ ಲುಸಾನ್‌ನ ಕ್ರೀಡಾ ನ್ಯಾಯಮಂಡಳಿ ಇಂಟರ್ ಕಾಶಿ ಎಂದು ತೀರ್ಪಿತ್ತದ್ದು ಜುಲೈ 18ರಂದು. ಅದೇ ಜುಲೈನಲ್ಲಿ ವಾಣಿಜ್ಯ ಹಕ್ಕಿನ ಒಪ್ಪಂದದ ಬಿಕ್ಕಟ್ಟಿನಿಂದ ಮೇಲಿನ ಐಎಸ್‌ಎಲ್ ಕೂಡ ತೂಗುಯ್ಯಾಲೆಯಲ್ಲಿ ಬಿತ್ತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಸಂಬಳವನ್ನೇ ತಡೆಹಿಡಿಯಿತು. ಲೀಗ್ ಗೆದ್ದವರು ಯಾರೆಂದು ತಿಳಿಯಲು ದೇಶ ಜುಲೈವರೆಗೆ ಕಾಯಬೇಕಾಯಿತು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಇಳಿದದ್ದು ಮಾತ್ರ ಏಪ್ರಿಲ್ ಮುಗಿಯುವ ಮೊದಲೇ ಖಚಿತವಾಗಿತ್ತು.